ಹಾಡಿನ ಜೊತೆಗೆ ಬೆಂಕಿಯನ್ನೂ ಕೇಳು

ಪ್ರೀತಿಯ ತಂಗಿ,

ಬಿಳಿಗಿರಿರಂಗನ ಬೆಟ್ಟದ ಬುಡಕಟ್ಟಿನವರಾದ ಸೋಲಿಗರ ಬಗ್ಗೆ ನೀನು ಕಳಿಸಿದ ಬರಹವನ್ನು ಎರಡು ಸಲ ಓದಿದೆ. 'ಗೊರುಕ ಗೊರುಕನ' ಹಾಡಿನ ಲಯ ನಿನ್ನ ಕಿವಿಗೆ ಸಿಕ್ಕಿದೆ, ಸಂತೋಷವಾಯಿತು. ಆದರೆ 'ಪ್ರಕೃತಿಯ ಮುಗ್ಧ ಮಕ್ಕಳು' ಎಂಬ ಮಾತು ನಾಲ್ಕು ಕಡೆ ಬಂದಿದೆ. ನಾಲ್ಕನ್ನೂ ತೆಗೆದುಹಾಕಮ್ಮ. ಮುಗ್ಧರು ಎಂದುಬಿಟ್ಟರೆ, ಅವರಿಗೆ ಏನು ಗೊತ್ತಿದೆ ಎಂದು ಕೇಳುವ ಗೋಜೇ ನಮಗಿರುವುದಿಲ್ಲ.

ತರಗು ಬೆಂಕಿಯನ್ನೇ ತಗೊ. ಬೇಸಿಗೆ ಬಲಿಯುವ ಮುಂಚೆ, ಉದುರಿದ ಎಲೆಗಷ್ಟೇ ತಾಗುವಂತೆ ಸಣ್ಣ ಬೆಂಕಿ ಇಡುತ್ತಿದ್ದರು. ದೊಡ್ಡ ಮರಗಳು ಉಳಿಯುತ್ತಿದ್ದವು, ಹುಲ್ಲು ಚಿಗುರುತ್ತಿತ್ತು. 1974ರಲ್ಲಿ ಆ ಕಾಡು ವನ್ಯಧಾಮವಾಯಿತು, ಬೆಂಕಿಗೆ ತಡೆ ಬಿತ್ತು. ಆಮೇಲೆಯೇ ಲಂಟಾನ ಕಳೆ ಆಳೆತ್ತರ ಬೆಳೆದದ್ದು, ನೆಲ್ಲಿಮರಗಳ ಮೇಲೆ ಉಪ್ಪಿಲು (ನಾವು ಬಂದಳಿಕೆ ಅನ್ನುತ್ತೇವಲ್ಲ, ಅದು) ಹೆಚ್ಚಿದ್ದು ಎನ್ನುತ್ತಾರೆ ಪೋಡಿನ (ಸೋಲಿಗರ ಹಾಡಿಯ) ಹಿರಿಯರು. ಕಾಡನ್ನು ವರ್ಷವರ್ಷವೂ ನೋಡಿದವರು ಹೇಳುವ ಕಾರಣ ಇದು. ಸಂಶೋಧಕರೂ ತಡವಾಗಿ ಇದಕ್ಕೆ ಕಿವಿಗೊಟ್ಟರು. ನಿನ್ನ ಬರಹದಲ್ಲಿ ಬೆಂಕಿಯ ಸುದ್ದಿಯೇ ಇಲ್ಲ.

ರಂಗಸ್ವಾಮಿ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದ ಕಥೆಯನ್ನು ಚೆನ್ನಾಗಿ ಹೇಳಿದ್ದೀಯ. ದೇವರನ್ನು ಭಾವ ಎನ್ನುವವರು ಕಾಡನ್ನು ನೆಂಟರ ಮನೆಯಂತೆ ಕಾಣುತ್ತಾರೆ ಎಂದು ನನಗೂ ಅನ್ನಿಸಿದೆ. ಆದರೆ ಕಥೆ ನಿಂತಿರುವ ನೆಲವನ್ನೂ ತೋರಿಸು. ಒಂದೊಂದು ಕುಲಕ್ಕೂ ಅದರದೇ ಎಲ್ಲೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ (ಸತ್ತವರ ಕಲ್ಲು), ಅಬ್ಬಿ (ನೀರಿನ ಸೆಲೆ) ಎಂಬ ಪವಿತ್ರ ತಾಣಗಳು. ನೀರಿನ ಸೆಲೆಗೂ ಸತ್ತವರ ಕಲ್ಲಿಗೂ ಒಂದೇ ಎಲ್ಲೆಯಲ್ಲಿ ಜಾಗ ಕೊಟ್ಟ ಬುದ್ಧಿ ಎಂಥದ್ದು, ಯೋಚಿಸು. 2011ರಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಸಾಮುದಾಯಿಕ ಅರಣ್ಯ ಹಕ್ಕಿಗೂ (ಕಾಡಿನ ಮೇಲೆ ಇಡೀ ಸಮುದಾಯಕ್ಕಿರುವ ಹಕ್ಕು) ಮಾನ್ಯತೆ ಸಿಕ್ಕಿತು. ಹಾಡನ್ನು ಬರೆದು ಈ ಹಕ್ಕನ್ನು ಬಿಟ್ಟರೆ ಹಾಡಿದವರಿಗೆ ಅನ್ಯಾಯ ಮಾಡಿದಂತೆ.

ನಿನ್ನ ವಯಸ್ಸಿನಲ್ಲಿ ನಾನೂ ಒಂದು ಪೋಡಿನಲ್ಲಿ ಕೂತು ರಾತ್ರಿಯೆಲ್ಲ ಹಾಡು ಬರೆದುಕೊಂಡೆ. ಬೆಳಗ್ಗೆ ಹಾಡಿದಾತ ಕಾಡಿಗೆ ಹೊರಟಾಗ ಜೊತೆಗೆ ಹೋಗಲಿಲ್ಲ, ಬಸ್ಸು ಹಿಡಿದೆ. ಹಾಡಿನೊಳಗಿನ ಹೂವು ಯಾವ ಮರದ್ದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅದು ಈಗಲೂ ನೋಯುತ್ತದೆ.

ಇನ್ನೊಂದು. ಮೂರನೇ ಪುಟದಲ್ಲಿ ಬರೀ 'ಜೇನು' ಎಂದು ಬರೆದಿದ್ದೀಯ. ಹೆಜ್ಜೇನೋ, ತುಡುವೆಯೋ, ಕೋಲುಜೇನೋ, ನಸರಿಯೋ? ಹೇಳಿದವರನ್ನೇ ಮತ್ತೆ ಕೇಳು. ಅವರ ಹೆಸರು ಹಾಕಬಹುದೇ ಎಂದೂ ಆಗಲೇ ಕೇಳಿಕೊ. ತಿದ್ದಿದ ಪ್ರತಿಯನ್ನು ಮೊದಲು ಅವರಿಗೆ ಓದಿ ಹೇಳು, ಆಮೇಲೆ ನನಗೆ ಕಳಿಸು.

ನಿನ್ನ,
ಅಣ್ಣ