ಶನಿವಾರದ ಬರ್ಥೌಡ್ ಪಾಸ್ ನಡಿಗೆ: ಹೊರಡುವ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ. ಕೊಲರಾಡೊದ ಬೆಟ್ಟದ ಹಾದಿಯಾದ ಬರ್ಥೌಡ್ ಪಾಸ್‌ನಲ್ಲಿ ಶನಿವಾರ ನಡೆಯುವ ಹಿಮನಡಿಗೆಗೆ ಹೆಸರು ಕೊಟ್ಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಹಿಮ ಇನ್ನೂ ಮೊಣಕಾಲುದ್ದವೂ ಬಿದ್ದಿಲ್ಲ, ಹಿಮಕುಸಿತ ಎಲ್ಲಿಂದ ಬರುತ್ತದೆ ಎಂದು ಇಬ್ಬರು ಕೇಳಿದ್ದಾರೆ. ಕೊಲರಾಡೊದಲ್ಲಿ ಭಯವಿರುವುದೇ ಈ ತೆಳು ಹಿಮದಲ್ಲಿ. ಅಕ್ಟೋಬರಿನಲ್ಲಿ ಬಿದ್ದದ್ದು ಉತ್ತರ ದಿಕ್ಕಿನ ನೆರಳಿನ ಇಳಿಜಾರುಗಳಲ್ಲಿ ಕರಗದೆ ಉಳಿದು, ಚಳಿಗೆ ಸಕ್ಕರೆಯ ಹರಳಿನಂತೆ ಬಿಡಿಬಿಡಿಯಾಗುತ್ತದೆ. ಅದರ ಮೇಲೆ ಗಾಳಿ ಹೊಸ ಹಿಮವನ್ನು ತಂದು ಗಟ್ಟಿ ಹಾಸಾಗಿ ಕೂರಿಸಿದರೆ, ಒಬ್ಬರ ಭಾರಕ್ಕೇ ಇಡೀ ಹಾಸು ಜಾರಬಹುದು. ಕಾಲಡಿಯಲ್ಲಿ ‘ಧುಪ್’ ಎಂಬ ಸದ್ದು ಕೇಳಿದರೆ ಅಥವಾ ಬಿರುಕು ಓಡಿದರೆ ಅಲ್ಲಿಂದಲೇ ಹಿಂದಿರುಗುತ್ತೇವೆ. ಚರ್ಚೆ ಬೇಡ.

ಶುಕ್ರವಾರ ಸಂಜೆ ಕೊಲರಾಡೊ ಹಿಮಕುಸಿತ ಮಾಹಿತಿ ಕೇಂದ್ರದ ಮುನ್ಸೂಚನೆಯನ್ನು ಇಲ್ಲಿ ಹಾಕುತ್ತೇನೆ. ಅಪಾಯದ ಐದು ಹಂತಗಳಲ್ಲಿ 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನಡಿಗೆ ರದ್ದು. 2 ಇದ್ದರೂ 30 ಡಿಗ್ರಿಗಿಂತ ಕಡಿದಾದ ಇಳಿಜಾರನ್ನು ಹತ್ತುವುದಿಲ್ಲ, ಅದರ ಬುಡದಲ್ಲಿ ನಿಂತು ಫೋಟೊ ತೆಗೆಯುವುದೂ ಇಲ್ಲ.

ಪ್ರತಿಯೊಬ್ಬರ ಬಳಿಯೂ ಬೀಕನ್ (ಹಿಮದಡಿ ಹೂತವರನ್ನು ಪತ್ತೆಹಚ್ಚಲು ರೇಡಿಯೊ ಸಂಕೇತ ಕಳಿಸುವ, ಹಿಡಿಯುವ ಸಾಧನ), ಸಲಿಕೆ ಮತ್ತು ಹಿಮದಲ್ಲಿ ಚುಚ್ಚಿ ಹುಡುಕುವ ಕೋಲು ಇರಲೇಬೇಕು. ಹೂತವರು ಬದುಕುಳಿಯುವ ಸಾಧ್ಯತೆ ಮೊದಲ ಕೆಲವು ನಿಮಿಷಗಳಲ್ಲೇ ಹೆಚ್ಚು. ಆಗ ಹತ್ತಿರವಿರುವುದು ನಾವು ಮಾತ್ರ. ಬೀಕನ್ ಬಾಡಿಗೆಗೆ ಬೇಕಾದವರು, ಬರಲಾಗದವರು ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.