ಈ ಸಲ ಗೊಂಬೆ ಕೂರ್ಸೋಕೆ ಏನೂ ಕೊಳ್ಬೇಡ ಕಣೋ (ಗೆಳೆಯನಿಗೊಂದು ಪತ್ರ)

ಪ್ರೀತಿಯ ಗೆಳೆಯಾ,

ನಿನ್ ಮೆಸೇಜ್ ನೋಡಿ ಎಷ್ಟ್ ಖುಷಿ ಆಯ್ತು ಗೊತ್ತಾ, ಮಗಳು ಹಟ ಹಿಡಿದು ಈ ದಸರಾಕ್ಕೆ ನಮ್ಮನೇಲೂ ಗೊಂಬೆ ಕೂರ್ಸೋಣ ಅಂದ್ಲು ಅಂತ ಬರೆದಿದ್ಯಲ್ಲ, ಬೆಂಗಳೂರಿಗೆ ಹೋಗಿ ಸೇರ್ಕೊಂಡ ಮೇಲೆ ನೀನು ಇದನ್ನೆಲ್ಲ ಬಿಟ್ಟೇ ಬಿಟ್ಟೆ ಅನ್ಕೊಂಡಿದ್ದೆ. ಆದ್ರೆ ಅದರ ಕೆಳಗೇ ಒಂದು ಲಿಂಕ್ ಕಳ್ಸಿದ್ಯಲ್ಲ, ಮಡಚೋ ಸ್ಟ್ಯಾಂಡು, ಪ್ಲಾಸ್ಟಿಕ್ ಮಾವಿನೆಲೆ ತೋರಣ, ಹಿಂದೆ ಕಟ್ಟೋಕೆ ಮಿರಮಿರ ಬಟ್ಟೆ, ಥೀಮ್ ಸೆಟ್ಟು ಎಲ್ಲಾ ಸೇರಿ ಒಂದೇ ಬಾಕ್ಸಲ್ಲಿ ಬರುತ್ತೆ, ಆರ್ಡರ್ ಹಾಕ್ಲಾ ಅಂತ ಕೇಳಿದ್ಯಲ್ಲ, ಅದಕ್ಕೆ ವಾಟ್ಸಾಪಲ್ಲಿ ಎರಡು ಸಾಲು ಬರೆದ್ರೆ ಸಾಲಲ್ಲ ಅನ್ಸ್ತು. ಅದಕ್ಕೇ ಈ ಪತ್ರ. ಎಲ್ರೂ ಓದೋ ಹಾಗೆ ಹಾಕ್ತಿದೀನಿ, ನಿನ್ ಥರ ಫ್ಲಾಟಲ್ಲಿ ಮೊದಲ್ನೇ ಸಲ ಗೊಂಬೆ ಕೂರ್ಸೋರು ಇನ್ನೂ ಎಷ್ಟೋ ಜನ ಇರ್ತಾರೆ.

ಆರ್ಡರ್ ಹಾಕ್ಬೇಡ.

ನೀನೇ ಯೋಚನೆ ಮಾಡು, ನಮ್ಮ ಮೈಸೂರಲ್ಲಿ ನಾವು ಮನೆ ಮನೆಗೂ ಹೋಗಿ 'ಗೊಂಬೆ ಕೂರ್ಸಿದೀರಾ' ಅಂತ ಕೇಳ್ಕೊಂಡು ಬರ್ತಿದ್ದಾಗ ಗೊಂಬೆಗೆ ಅಂತಲೇ ಸ್ಟ್ಯಾಂಡು ಯಾರ ಮನೇಲಿತ್ತು ಹೇಳು? ಕೆಳಗೆ ಬೆಂಚು, ಅದರ ಹಿಂದೆ ಟ್ರಂಕು, ಟ್ರಂಕಿನ ಮೇಲೆ ಸೂಟ್‌ಕೇಸು, ಎತ್ತರ ಸಾಲ್ದೇ ಹೋದ್ರೆ ಹಳೇ ಪುಸ್ತಕದ ಕಟ್ಟು, ಮೇಲೊಂದು ಇಸ್ತ್ರಿ ಮಾಡಿದ ಬಿಳೀ ಪಂಚೆ ಹೊದಿಸಿದ್ರೆ ಮೆಟ್ಟಿಲು ರೆಡಿ, ಗೊಂಬೆಗಳನ್ನ ವರ್ಷವಿಡೀ ಸುತ್ತಿಡ್ತಿದ್ದಿದ್ದೂ ಹರಿದ ಸೀರೆ ಚೂರಲ್ಲೇ. ಹಬ್ಬ ಮುಗಿದ ಮೇಲೆ ಪಂಚೆ ಬೀರುವಿಗೆ, ಟ್ರಂಕು ಮಂಚದ ಕೆಳಗೆ, ಪುಸ್ತಕ ಕಪಾಟಿಗೆ. ಕಸದ ಬುಟ್ಟಿಗೆ ಹೋಗ್ತಿದ್ದಿದ್ದು ಬಾಡಿದ ಹೂವು ಮಾತ್ರ. ಈಗ ಮನೇಲಿರೋ ಹಳೇ ಸಾಮಾನಲ್ಲಿ ಅಲಂಕಾರ ಮಾಡೋದನ್ನ ಹೊಸ ಐಡಿಯಾ ಅನ್ನೋ ಹಾಗೆ ವಿಡಿಯೋ ಮಾಡಿ ತೋರಿಸ್ತಾರೆ, ಅದರಲ್ಲಿ ಒಂದು ಹಳೇ ಬಾಟಲಿಗೆ ಅಂತ ಗ್ಲೂ ಗನ್ನು, ಗ್ಲಿಟರ್ರು, ಸ್ಪ್ರೇ ಪೇಂಟು ಎಲ್ಲಾ ಹೊಸದಾಗಿ ಕೊಂಡ್ಕೊಂಡು ಬರ್ತಾರೆ, ನೋಡಿದ್ರೆ ಬೇಜಾರಾಗುತ್ತೆ ನಂಗೆ. ನಾನು ನೋಡೋದು ಒಂದೇ, ಹತ್ತು ದಿನ ಆದ್ಮೇಲೆ ಈ ವಸ್ತು ವಾಪಸ್ ತನ್ನ ಜಾಗಕ್ಕೋ ಇನ್ನೊಂದು ಕೆಲಸಕ್ಕೋ ಹೋಗುತ್ತಾ. ಹೋಗುತ್ತೆ ಅಂದ್ರೆ ಉಪಯೋಗಿಸು, ಇಲ್ಲಾಂದ್ರೆ ಬಿಡು.

ಪಟ್ಟದ ಗೊಂಬೆ ಮಾತ್ರ ಮನೇಲಿ ಮಾಡೋಕೆ ಹೋಗ್ಬೇಡ. ನಿಮ್ಮಮ್ಮನಿಗೆ ಮದುವೇಲಿ ತೌರಿನವರು ಕೊಟ್ಟಿದ್ದ ರಾಜ ರಾಣಿ ಇದಾವಲ್ಲ, ಆ ಮರದ ಜೋಡಿ, ಅಟ್ಟದ ಮೇಲೆ ಸುಮ್ನೆ ಮಲಗಿವೆ, ಫೋನ್ ಮಾಡಿ ಕೇಳು. ಅವರು ಎಷ್ಟ್ ಖುಷಿ ಪಡ್ತಾರೆ ಅಂತ ನಾನ್ ಹೇಳ್ಬೇಕಾ. ಬಟ್ಟೆ ಹಳೇದಾಗಿದ್ರೆ ಜರಿ ಅಂಚಿನ ಬ್ಲೌಸ್ ಪೀಸಲ್ಲಿ ನಿನ್ ಮಗಳೇ ಉಡಿಸ್ಲಿ, ಹೊಲಿಗೆ ಬೇಕಿಲ್ಲ, ನೆರಿಗೆ ಹಿಡಿದು ದಾರದಲ್ಲಿ ಕಟ್ಟಿದ್ರೆ ಸಾಕು.

ಮೆಟ್ಟಿಲಿಗೆ ನಿನ್ ಹತ್ರ ಟ್ರಂಕು ಇರಲ್ಲ, ಆದ್ರೆ ಕೊರಿಯರ್ ಬಾಕ್ಸು ಬೇಕಾದಷ್ಟಿರುತ್ತೆ. ಈಗಿಂದಲೇ ಬಿಸಾಕದೆ ಎತ್ತಿಡು. ರಟ್ಟನ್ನ ಅಡ್ಡಕ್ಕೆ ನೋಡಿದ್ರೆ ಒಳಗೆ ಅಲೆ ಅಲೆ ಇರುತ್ತಲ್ಲ, ಆ ಗೆರೆ ಮೇಲಿಂದ ಕೆಳಕ್ಕೆ ನೆಟ್ಟಗೆ ನಿಲ್ಲೋ ಹಾಗೆ ಬಾಕ್ಸ್ ಇಟ್ರೆ ಭಾರ ತಡಿಯುತ್ತೆ, ಮಲಗಿಸಿಟ್ರೆ ಕುಸಿಯುತ್ತೆ. ಒಳಗೆ ಹಳೇ ನ್ಯೂಸ್‌ಪೇಪರ್ ಉಂಡೆ ಮಾಡಿ ಗಟ್ಟಿಯಾಗಿ ತುಂಬು, ಟೇಪ್ ಸುತ್ತಬೇಡ, ದಾರ ಕಟ್ಟು, ಆಮೇಲೆ ಬಿಚ್ಚಿ ರದ್ದಿಗೆ ಹಾಕ್ಬಹುದು. ಮೆಟ್ಟಿಲು ಬೆಸ ಸಂಖ್ಯೇಲಿರ್ಬೇಕು, ಮೂರು, ಐದು, ಏಳು, ಒಂಬತ್ತು ಹೀಗೆ, ನಿಂಗೆ ಮೂರೇ ಧಾರಾಳ ಸಾಕು. ಮೇಲೆ ಹೊದಿಸೋಕೆ ಹಳೇ ರೇಷ್ಮೆ ಸೀರೆ, ಅದರ ಅಂಚು ಪ್ರತಿ ಮೆಟ್ಟಿಲ ತುದಿಗೂ ಬರೋ ಹಾಗೆ ಮಡಚ್ಕೊಂಡು ಹೋದ್ರೆ ಬೇರೆ ಅಲಂಕಾರಾನೇ ಬೇಕಾಗಲ್ಲ ಕಣೋ. ಕತ್ತರಿಸಬೇಡ, ಸೇಫ್ಟಿ ಪಿನ್ನು ಸಾಕು. ಇನ್ನೊಂದು ಮುಖ್ಯ, ಒಳಗೆಲ್ಲ ಬರೀ ಪೇಪರ್ರೇ ಇರುತ್ತಲ್ಲ, ದೀಪಾನ ಮೆಟ್ಟಿಲ ಮೇಲೆ ಇಡ್ಲೇಬೇಡ, ಮುಂದೆ ದೂರದಲ್ಲಿ ನೆಲದ ಮೇಲೆ ಸ್ಟೀಲ್ ತಟ್ಟೇಲಿಡು.

ಈಗ ನಂಗೆ ತುಂಬಾ ಇಷ್ಟವಾದ ಭಾಗಕ್ಕೆ ಬರ್ತೀನಿ, ಗೊಂಬೆ ಜೊತೆ ಮಾಡೋ ಪುಟ್ಟ ಪಾರ್ಕು. ಹಳೇ ಟ್ರೇ ಒಂದಕ್ಕೆ ಮಣ್ಣು ಹರಡಿ ರಾಗಿ ಚೆಲ್ಲಿ ನೀರು ಚಿಮುಕಿಸ್ತಾ ಬಾ, ನವರಾತ್ರಿಗೆ ಒಂದು ವಾರ ಇದೆ ಅನ್ನೋವಾಗ ಹಾಕಿದ್ರೆ ಹಬ್ಬದ ಹೊತ್ತಿಗೆ ಹಸಿರು ಹುಲ್ಲಿನ ಹಾಗೆ ಎದ್ದಿರುತ್ತೆ. ಒಡೆದ ಕನ್ನಡಿ ಚೂರಿನ ಅಂಚನ್ನ ಮಣ್ಣಲ್ಲಿ ಮುಚ್ಚಿದ್ರೆ ಕೆರೆ (ಇದನ್ನ ನೀನೇ ಇಡು, ಮಗಳ ಕೈಗೆ ಕೊಡ್ಬೇಡ). ನ್ಯೂಸ್‌ಪೇಪರ್ ಮುದುರಿ ಬೆಟ್ಟದ ಆಕಾರ ಮಾಡಿ ಅದರ ಮೇಲೆ ಮೈದಾ ಅಂಟಲ್ಲಿ ಅದ್ದಿದ ಪೇಪರ್ ತುಂಡು ಒಂದರ ಮೇಲೊಂದು ಅಂಟಿಸಿದ್ರೆ ಚಾಮುಂಡಿ ಬೆಟ್ಟ, ದಾರದಲ್ಲೇ ಸುತ್ತು ರಸ್ತೆ ಎಳೀಬಹುದು. ಕೆಳಗೆ ಜಂಬೂಸವಾರಿ ಬರ್ಲಿ, ಬೆಂಕಿಪೊಟ್ಟಣದ ಆನೆ, ಚಾಕ್ಲೇಟ್ ಸುತ್ತಿರೋ ಚಿನ್ನದ ಬಣ್ಣದ ಕಾಗದ ಇರುತ್ತಲ್ಲ ಅದರಲ್ಲಿ ಅಂಬಾರಿ, ನಿಜವಾದ್ದು ಸುಮಾರು 750 ಕೆಜಿ ತೂಗುತ್ತೆ ಅಂತ ಅವಳಿಗೆ ಹೇಳು, ಅರಮನೆಯಿಂದ ಬನ್ನಿಮಂಟಪದವರೆಗೂ ಆನೆ ಅದನ್ನ ಹೊತ್ಕೊಂಡು ಹೇಗೆ ನಡಿಯುತ್ತೆ ಅಂತಾನೂ ಹೇಳು. ಅಂಗಡಿ ಸೆಟ್ಟಲ್ಲಿ ಇಂಥ ಮಾತು ಹುಟ್ಟಲ್ಲ, ಮಾಡ್ತಾ ಕೂತಾಗ ಮಾತ್ರ ಹುಟ್ಟೋದು. ನಮ್ಮೂರಿನ ಕಥೆ ಮಕ್ಕಳಿಗೆ ಹೋಗೋದೇ ಹೀಗೆ ಅಂತ ನಾನು ನಂಬಿದೀನಿ.

ಅಂಟು ಅಂದ್ನಲ್ಲ, ಎರಡು ಚಮಚ ಮೈದಾನ ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ ಸಣ್ಣ ಉರೀಲಿ ತಿರುವ್ತಾ ಇದ್ರೆ ಸ್ವಲ್ಪ ಹೊತ್ತಿಗೆ ಗಂಜಿ ಥರ ಗಟ್ಟಿ ಆಗುತ್ತೆ, ಅಷ್ಟೇ. ಹಿಂದೆ ಹುಳ ಬೀಳದೆ ಇರ್ಲಿ ಅಂತ ಅದಕ್ಕೆ ಮೈಲುತುತ್ತ ಹಾಕ್ತಿದ್ರು, ಅದು ವಿಷ, ಮಕ್ಕಳಿರೋ ಮನೇಲಿ ಖಂಡಿತ ಬೇಡ, ಆವತ್ತಿಗೆ ಬೇಕಾದಷ್ಟೇ ಮಾಡ್ಕೊ.

ಮಗಳಿಗೆ ತಾನೇ ಗೊಂಬೆ ಮಾಡೋ ಆಸೆ ಇದ್ರೆ ಮೊಟ್ಟೆ ಟ್ರೇ ತಗೋ. ಅದು ಮೊದಲೇ ಕಾಗದದ ಹಿಟ್ಟಿಂದ ಮಾಡಿರೋದು, ಹಾಗಾಗಿ ರಾತ್ರಿ ನೀರಲ್ಲಿ ನೆನೆಸಿದ್ರೆ ಬೆಳಿಗ್ಗೆ ಕೈಯಲ್ಲೇ ಕಿವುಚಬಹುದು. ನೀರು ಹಿಂಡಿ, ನೆನೆಸಿದ ಮೆಂತ್ಯ ಹಾಕಿ ಹಳೇ ಮಿಕ್ಸಿ ಜಾರಲ್ಲಿ ರುಬ್ಬು. ನಮ್ಮಜ್ಜಿ ಕಾಲದವರು ಇದನ್ನೇ ಬಿದಿರಿನ ಮೊರ, ಬುಟ್ಟಿಗೆ ಮೆತ್ತಿ ಸಂದು ಮುಚ್ತಿದ್ರು, ನೆನಪಿದ್ಯಾ ಆ ಬೂದಿ ಬಣ್ಣದ ಮೊರ? ಗೊಂಬೆ ಮಾಡೋವಾಗ ಒಳಗೆ ಪೇಪರ್ ಉಂಡೆ ಇಟ್ಟು ಮೇಲೆ ತೆಳ್ಳಗೆ ಮೆತ್ತಬೇಕು, ದಪ್ಪ ಆದ್ರೆ ಒಳಗೆ ಒಣಗದೆ ಬೂಸ್ಟು ಹಿಡಿಯುತ್ತೆ, ಆ ಟೈಮಲ್ಲಿ ಮಳೆ ಬೇರೆ, ಅದಕ್ಕೇ ಎರಡು ಮೂರು ವಾರ ಮುಂಚೆ ಶುರು ಮಾಡು ಅನ್ನೋದು. ಕೊಪ್ಪಳದ ಹತ್ರ ಕಿನ್ನಾಳ ಇದೆಯಲ್ಲ, ಬಣ್ಣ ಬಣ್ಣದ ಮರದ ಗೊಂಬೆಗಳ ಊರು, ಅಲ್ಲಿಯವರು ಹಳೇ ಗೋಣಿಚೀಲದ ಚೂರು ನೆನೆಸಿ, ಸಣ್ಣಗೆ ಕತ್ತರಿಸಿ, ಒಣಗಿಸಿ ಪುಡಿ ಮಾಡಿ, ಅದಕ್ಕೆ ಮರದ ಹೊಟ್ಟು ಹುಣಸೆ ಬೀಜದ ಅಂಟು ಸೇರಿಸಿ ಗೊಂಬೆಯ ಭಾಗ ಜೋಡಿಸೋಕೆ ಉಪಯೋಗಿಸ್ತಾರೆ. ಅಷ್ಟು ಚಂದದ ಗೊಂಬೆ ಒಳಗೆ ಹಳೇ ಗೋಣಿಚೀಲ ಇದೆ ಅಂತ ನೋಡಿದವರಿಗೆ ಗೊತ್ತೇ ಆಗಲ್ಲ.

ತೋರಣಕ್ಕೆ ಲಗ್ನಪತ್ರಿಕೆ. ನಿಮ್ಮನೇಲೂ ಒಂದು ಕಟ್ಟು ಇರ್ಲೇಬೇಕು, ಗಣಪತಿ ಇದಾನೆ ಅಂತ ಯಾರೂ ಕಸಕ್ಕೆ ಹಾಕಲ್ಲ, ಹಾಗೇ ವರ್ಷಗಟ್ಟಲೆ ಬಿದ್ದಿರುತ್ತೆ. ಆ ಉಬ್ಬು ಗಣಪತಿಗಳನ್ನ ದುಂಡಗೆ ಕತ್ತರಿಸಿ ಎರಡೆರಡು ಬೆನ್ನಿಗೆ ಬೆನ್ನು ಅಂಟಿಸಿ ದಾರಕ್ಕೆ ಪೋಣಿಸಿದ್ರೆ ಎರಡೂ ಕಡೆಯಿಂದ ನೋಡ್ಬಹುದು, ವರ್ಷ ವರ್ಷ ಕಟ್ಬಹುದು, ಕತ್ತರಿಸೋವಾಗ ಹುಡುಗ ಹುಡುಗಿ ಹೆಸರು ಓದ್ತಾ ಕೂತ್ಕೊಂಡ್ರೆ ಅರ್ಧ ದಿನ ಹೋಗೋದೇ ಗೊತ್ತಾಗಲ್ಲ. ಬಾಗಿಲಿಗೆ ಮಾತ್ರ ನಿಜವಾದ ಮಾವಿನ ಸೊಪ್ಪೇ ಕಟ್ಟು. ಗೋಡೆಗೆ ಬ್ಲೌಸ್ ಪೀಸು, ಬೀಸಣಿಗೆ ಥರ ನೆರಿಗೆ ಹಾಕಿ ಮಧ್ಯಕ್ಕೆ ದಾರ ಕಟ್ಟಿದ್ರೆ ಹೂವು, ಹಬ್ಬದ ಕೊನೇಲಿ ಬಿಚ್ಚಿ ಇಸ್ತ್ರಿ ಮಾಡಿ ಮನೆಗೆ ಬಂದ ಹೆಣ್ಮಕ್ಕಳಿಗೆ ಅರಿಶಿನ ಕುಂಕುಮದ ಜೊತೆ ಕೊಟ್ಬಿಡು. ಬಳೆ ಚೂರನ್ನ ಮೇಣದಬತ್ತಿ ಉರೀಲಿ ಬಗ್ಗಿಸಿ ಸರಪಳಿ ಮಾಡ್ತಿದ್ವಲ್ಲ, ಅದೂ ಆಗುತ್ತೆ, ಆದ್ರೆ ದೊಡ್ಡೋರೇ ಮಾಡ್ಬೇಕು, ಗಾಜಿನ ಬಳೇನೇ ಆಗ್ಬೇಕು.

ನಿನ್ ಹೆಂಡ್ತಿ ಕಡೆಯೋರು ಧಾರವಾಡದವರಲ್ವಾ, ಅತ್ತೆಯವರನ್ನ ಒಂದು ಹಳೇ ಕೌದಿ ಕೇಳು, ಮಕ್ಕಳು ಗೊಂಬೆ ಮುಂದೆ ಕೂರೋಕೆ ಅದನ್ನೇ ಹಾಸು. ಹಳೇ ಸೀರೆ ಧೋತ್ರದ ತುಂಡೆಲ್ಲ ಸೇರಿಸಿ ಕೈಯಲ್ಲಿ ಹೊಲಿದ ಕೌದಿಗಿಂತ ಚಂದದ ಹಾಸು ನಾನಂತೂ ಕಂಡಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಮಕ್ಕಳೂ ಹೊಲೀತಾರೆ, ಅವರು ಮೂಲೆಯಿಂದ ಶುರು ಮಾಡಿ ಅಂಚಲ್ಲೇ ಸುತ್ತುತ್ತಾ ಮಧ್ಯಕ್ಕೆ ಬರ್ತಾರೆ, ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೇನ ತ್ರಿಕೋನವಾಗಿ ಮಡಚಿ ಫುಲ ಅಂತ ಹೂ ಇಡ್ತಾರೆ, ಅದಿಲ್ಲದೆ ಕೌದಿ ಮುಗಿದ ಹಾಗೇ ಅಲ್ಲ. ಚಿಂದಿಗೆ ಅಷ್ಟು ಮರ್ಯಾದೆ ಕೊಡೋದು ನೋಡಿದ್ರೆ ಮನಸ್ಸು ತುಂಬಿ ಬರುತ್ತೆ.

ಬೇಡದ್ದನ್ನೂ ಹೇಳ್ಬಿಡ್ತೀನಿ. ಥರ್ಮೊಕೋಲ್ ಬೇಡ, ಅಲಂಕಾರದ ಥರ್ಮೊಕೋಲನ್ನ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ ಮಾಡಿದಾರೆ, ಆದ್ರೂ ಜನ ಬಿಟ್ಟಿಲ್ಲ. ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಬಣ್ಣ ಬಳಿಯೋದೂ ಬೇಡ, ಹಾಗೇ ಇದ್ರೆ ಒಣಕಸದ ಕೇಂದ್ರದವರು ತಗೋತಾರೆ, ಬಣ್ಣ ಗ್ಲಿಟರ್ ಮೆತ್ತಿದ ಮೇಲೆ ಅದು ಯಾರಿಗೂ ಬೇಡದ ಕಸ. ಉಸ್ಲಿನ ನ್ಯೂಸ್‌ಪೇಪರ್ ಪೊಟ್ಟಣದಲ್ಲಿ ಹಂಚಬೇಡ, ಪ್ರಿಂಟಿಂಗ್ ಇಂಕು ಹೊಟ್ಟೆಗೆ ಹೋಗುತ್ತೆ, ಮುತ್ತುಗದ ದೊನ್ನೆ ತಂದ್ಕೊ.

ವಿಜಯದಶಮಿ ರಾತ್ರಿ ಪಟ್ಟದ ಗೊಂಬೆ ಮಲಗಿಸಿದ ಮೇಲೆ ಮಾರನೇ ದಿನ ಎಲ್ರೂ ಕೂತು ಬಿಚ್ಚಿ. ರಟ್ಟು ರದ್ದಿಗೆ, ಸೀರೆ ಬಿಸಿಲಿಗೆ, ರಾಗಿ ಪೈರು ಮಣ್ಣಿನ ಸಮೇತ ಬಾಲ್ಕನಿ ಕುಂಡಕ್ಕೆ. ಕಾಗದದ ಗೊಂಬೆಗಳನ್ನ ಒಣಗಿದ ಬೇವಿನ ಸೊಪ್ಪಿನ ಜೊತೆ ಹಳೇ ಪಂಚೆ ಚೂರಲ್ಲಿ ಸುತ್ತಿ ಡಬ್ಬಿಗೆ ಹಾಕಿ, ಮೇಲೆ ಮಗಳ ಕೈಯಲ್ಲೇ ಹೆಸರು ಬರೆಸು.

ನನ್ ಹತ್ರ ಗಣಪತಿ ಕತ್ತರಿಸಿಟ್ಟಿರೋದು ಒಂದು ಡಬ್ಬಿ ತುಂಬಾ ಇದೆ, ಅಮ್ಮನ ಹಳೇ ಜರಿ ಅಂಚೂ ಇದೆ, ಎರಡನ್ನೂ ಈ ವಾರ ಪಾರ್ಸಲ್ ಮಾಡ್ತೀನಿ. ಗೊಂಬೆ ಇಡೋ ಮೂಲೆಯ ಉದ್ದ ಅಗಲ ಅಳೆದು ಕಳ್ಸು, ಯಾವ ಬಾಕ್ಸ್ ಎಲ್ಲಿ ಇಡ್ಬೇಕು ಅಂತ ಚಿತ್ರ ಬರೆದು ಕಳ್ಸ್ತೀನಿ. ಅತ್ತೆಯವರಿಗೆ ನನ್ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳತಿ,
ಮೈಸೂರಿಂದ