ಗಣಿ ಕಾರ್ಮಿಕರ ಮನೋಚಿಕಿತ್ಸೆಯನ್ನು ‘ಫಿಟ್‌ನೆಸ್’ ಕಡತದಿಂದ ಬೇರ್ಪಡಿಸಿ

ಸಂಪಾದಕರಿಗೆ,

ಮಾನ್ಯರೇ,

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ–2020 ಕಳೆದ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದ್ದು, 1952ರ ಗಣಿ ಕಾಯ್ದೆ ಅದರಲ್ಲಿ ವಿಲೀನವಾಗಿದೆ. ಕಾಯ್ದೆ ಬದಲಾದಾಗ ಅದರಡಿಯ ನಿಯಮ, ನಮೂನೆ, ಪ್ರಮಾಣಪತ್ರಗಳನ್ನೆಲ್ಲ ಮರಳಿ ಹೊಂದಿಸಬೇಕಾಗುತ್ತದೆ. ಆ ಕೆಲಸ ಮಾಡುವವರು ಒಂದು ಸಂಗತಿಯನ್ನು ಗಮನಿಸಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ. ಮಾನಸಿಕ ತೊಂದರೆಗೆ ಚಿಕಿತ್ಸೆ ಕೇಳಿ ಬರುವ ಗಣಿ ಕಾರ್ಮಿಕನ ಹೆಸರು, ಅವನು ಗಣಿಗೆ ಇಳಿಯಲು ಯೋಗ್ಯನೋ ಅಲ್ಲವೋ ಎಂದು ತೀರ್ಮಾನಿಸುವ ಕಡತಕ್ಕೆ ತಾನಾಗಿಯೇ ಹೋಗಿ ಸೇರುವಂತಿರಬಾರದು. ಎರಡೂ ಒಂದೇ ಕೋಣೆಯಲ್ಲಿ, ಒಬ್ಬರೇ ವೈದ್ಯರ ಕೈಯಲ್ಲಿ ಇರುವ ಕಡೆಗಳಲ್ಲಿ ಕಾರ್ಮಿಕರು ಚಿಕಿತ್ಸೆಗೆ ಬರುವುದು ತೀರ ತಡವಾಗುತ್ತದೆ. ಎಷ್ಟೋ ಜನ ಬರುವುದೇ ಇಲ್ಲ.

ಗಣಿ ಕೆಲಸಕ್ಕೆ ಸೇರುವ ಮುನ್ನ ಒಮ್ಮೆ, ಆಮೇಲೆ ಐದು ವರ್ಷ ಮೀರದಂತೆ ಮತ್ತೆ ಮತ್ತೆ ವೈದ್ಯಕೀಯ ತಪಾಸಣೆ ನಡೆಯಬೇಕೆಂದು 1955ರ ಗಣಿ ನಿಯಮಗಳು ಹೇಳುತ್ತವೆ. ಎದೆಯ ಎಕ್ಸ್‌–ರೇ ತೆಗೆಯುತ್ತಾರೆ, ಶ್ವಾಸಕೋಶದ ಶಕ್ತಿ ನೋಡುತ್ತಾರೆ, ಕಿವಿ ಕೇಳಿಸುತ್ತದೆಯೇ, ಕಣ್ಣು ಕಾಣಿಸುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್, ಮ್ಯಾಂಗನೀಸ್ ವಿಷ, ಸದ್ದಿನಿಂದಾಗುವ ಕಿವುಡುತನ ಮುಂತಾದವು ವೃತ್ತಿಜನ್ಯ ಕಾಯಿಲೆಗಳ ಪಟ್ಟಿಯಲ್ಲಿವೆ. ಮನಸ್ಸಿಗೆ ಸಂಬಂಧಿಸಿದ ಒಂದು ಕಾಯಿಲೆಯೂ ಆ ಪಟ್ಟಿಯಲ್ಲಿಲ್ಲ. ಹೊಸ ಸಂಹಿತೆಯ ಮೂರನೆಯ ಅನುಸೂಚಿಯಲ್ಲೂ ಇಲ್ಲ. ವಾರಕ್ಕೊಮ್ಮೆ ಪಾಳಿ ಬದಲಾಗಿ ನಿದ್ದೆಯ ಲೆಕ್ಕವೇ ತಪ್ಪಿಹೋದವನಿಗೆ, ಕಣ್ಣೆದುರೇ ಚಾವಣಿಯ ಬಂಡೆ ಕಳಚಿ ಬಿದ್ದದ್ದನ್ನು ಕಂಡವನಿಗೆ, ‘ನಿದ್ದೆ ಹೇಗಿದೆ?’ ಎಂಬ ಎರಡು ಮಾತಿನ ಪ್ರಶ್ನೆಯೂ ಎದುರಾಗದೆ ತಪಾಸಣೆ ಮುಗಿದುಹೋಗಬಹುದು.

ಹಟ್ಟಿ ಚಿನ್ನದ ಗಣಿ ಇರುವ ಲಿಂಗಸುಗೂರು ತಾಲ್ಲೂಕಿನಲ್ಲಿ ನಾನು ಬಹುಕಾಲ ಔಷಧ ಅಂಗಡಿ ನಡೆಸಿದವನು. ಇಲ್ಲಿ ಹೇಳುತ್ತಿರುವುದು ಯಾವ ಒಂದು ಕಂಪನಿಯ ಮೇಲಿನ ದೂರೂ ಅಲ್ಲ. ನೆಲದಡಿಯ ಗಣಿ, ತೆರೆದ ಗಣಿ, ಕಲ್ಲು ಕ್ವಾರಿ, ಅದಿರು ಸಾಗಿಸುವ ಟಿಪ್ಪರು, ಎಲ್ಲ ಕಡೆಯ ದುಡಿಯುವವರೂ ನನ್ನ ಅಂಗಡಿಗೆ ಬಂದಿದ್ದಾರೆ. ಆತಂಕ, ನಿದ್ದೆಗೇಡಿಗೆ ಕೊಡುವ ಆಲ್‌ಪ್ರಜೋಲಾಂ, ಡಯಾಜೆಪಾಂನಂತಹ ಗುಳಿಗೆಗಳನ್ನು 2014ರಿಂದ ಎಚ್–1 ಎಂಬ ಪಟ್ಟಿಗೆ ಸೇರಿಸಲಾಗಿದೆ. ಅವನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರಿದಾಗ ಚೀಟಿ ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಗುಳಿಗೆಯ ಹೆಸರು ಮತ್ತು ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾದಿಡಬೇಕು. ಇದು ಒಳ್ಳೆಯ ನಿಯಮವೇ. ಆದರೆ ಸರಿಯಾದ ಚೀಟಿಯನ್ನೇ ಹಿಡಿದು ಬಂದ ಕಾರ್ಮಿಕನೂ ನಾನು ಆ ಪುಸ್ತಕ ತೆರೆದು ಪೆನ್ನು ತೆಗೆದ ಕೂಡಲೇ “ಹೆಸರು ಬರೀತೀರೇನ್ರಿ? ಹಂಗಾದ್ರ ಬ್ಯಾಡ ಬಿಡ್ರಿ” ಎಂದು ಚೀಟಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಇಳಿದು ಹೋಗುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಆ ಪುಸ್ತಕವನ್ನು ಔಷಧ ನಿಯಂತ್ರಣ ಇಲಾಖೆಯ ಅಧಿಕಾರಿಗಳು ತಪಾಸಣೆಗೆ ನೋಡುತ್ತಾರೆಯೇ ಹೊರತು ಗಣಿಯವರು ನೋಡುವುದಿಲ್ಲ ಎಂದು ಎಷ್ಟು ತಿಳಿಹೇಳಿದರೂ ನಂಬುತ್ತಿರಲಿಲ್ಲ. ಅದೇ ಮನುಷ್ಯ ಬಿ.ಪಿ. ಗುಳಿಗೆಗೋ ಸಕ್ಕರೆ ಕಾಯಿಲೆಯ ಗುಳಿಗೆಗೋ ಬಂದರೆ ತನ್ನ ಹೆಸರು, ಊರು, ಪಾಳಿ ಎಲ್ಲವನ್ನೂ ಕೇಳದೆಯೇ ಹೇಳುತ್ತಿದ್ದ.

ಹೀಗೆ ಹಿಂದಿರುಗಿದವರು ಸುಮ್ಮನಿರುತ್ತಾರೆಂದಲ್ಲ. ಕೈಕಾಲಲ್ಲಿ ಶಕ್ತಿಯಿಲ್ಲ, ತಲೆ ಸುತ್ತುತ್ತದೆ, ಎದೆ ಹಿಡಿದಂತಾಗುತ್ತದೆ ಎಂದು ಹಳ್ಳಿಯಲ್ಲಿ ವೈದ್ಯ ಪದವಿಯಿಲ್ಲದೆ ಚಿಕಿತ್ಸೆ ಕೊಡುವ ಆರ್‌ಎಂಪಿ ಬಳಿಗೆ ಹೋಗಿ ಸಲೈನ್ ಹಚ್ಚಿಸಿಕೊಳ್ಳುತ್ತಾರೆ. ಎರಡು ದಿನ ಹಗುರವೆನಿಸಿ ಮೂರನೆಯ ದಿನ ಮತ್ತೆ ಅದೇ. ಇ.ಸಿ.ಜಿ. ತೆಗೆಸುತ್ತಾರೆ, ಸ್ಕ್ಯಾನಿಂಗ್ ಮಾಡಿಸುತ್ತಾರೆ, ‘ಏನೂ ಇಲ್ಲ’ ಎಂಬ ವರದಿಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ದೇವಸ್ಥಾನ, ದರ್ಗಾ, ತಾಯಿತ, ಅಮಾವಾಸ್ಯೆಯ ಪೂಜೆ ಇವೂ ಉಂಟು. ನಾನು ಇವನ್ನು ಹೀಗಳೆಯುವುದಿಲ್ಲ, ಅಲ್ಲಿ ಕುಳಿತು ನಾಲ್ಕು ಮಾತು ಕೇಳುವವರಾದರೂ ಇರುತ್ತಾರೆ. ಹೆಚ್ಚಿನವರು ಹಿಡಿಯುವ ದಾರಿ ಮಾತ್ರ ಮದ್ಯದಂಗಡಿಯದು. ಕುಡಿದರೆ ನಿದ್ದೆ ಬರುತ್ತದೆಂದು ಮೊದಲಾದದ್ದು ಕುಡಿಯದಿದ್ದರೆ ಕೈ ನಡುಗುವ ಮಟ್ಟಕ್ಕೆ ಬರುತ್ತದೆ. ಕುಡಿದು ಗಣಿಗೆ ಇಳಿಯುವಂತಿಲ್ಲವಾದ್ದರಿಂದ ಪಾಳಿಗೆ ಮುನ್ನ ಒಮ್ಮೆಲೇ ಬಿಟ್ಟು ಇಳಿಯುತ್ತಾರೆ. ಹೀಗೆ ಏಕಾಏಕಿ ಬಿಟ್ಟವರಿಗೆ ಫಿಟ್ಸ್ ಬರುವ ಅಪಾಯ ಇರುತ್ತದೆ ಎಂಬುದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ.

ಕೊನೆಗೆ ನೆರವು ಕೇಳಿ ಬರುವುದು ಸಾಮಾನ್ಯವಾಗಿ ಹೆಂಡತಿ. “ನಮ್ಮ ಮನಿಯವ್ರು ರಾತ್ರಿ ಎದ್ದು ಕುಂದರತಾರ್ರಿ, ಎದಿ ಡವಡವ ಅಂತದ ಅಂತಾರ, ಮಾತಾಡ್ಸಿದ್ರ ಸಿಟ್ಟಿಗೇಳತಾರ” ಎಂದು ಹೇಳಿ, ಸೆರಗಿನ ಗಂಟಿನಿಂದ ಹಳೆಯ ಗುಳಿಗೆಯ ಖಾಲಿ ಪಟ್ಟಿಯನ್ನು ತೆಗೆದು ತೋರಿಸುತ್ತಿದ್ದ ಹೆಣ್ಣುಮಕ್ಕಳಿಗೆ ನಾನು ಹೇಳಬಹುದಾಗಿದ್ದದ್ದು ಒಂದೇ, ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು. ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಕಾಯಿಲೆಯ ಬಗ್ಗೆಯಾಗಲಿ ಖರ್ಚಿನ ಬಗ್ಗೆಯಾಗಲಿ ಇರುತ್ತಿರಲಿಲ್ಲ. ನೌಕರಿಗೆ ಏನಾದರೂ ಆಗುತ್ತದೆಯೇ ಎಂಬುದೇ ಅವರ ಚಿಂತೆ.

ಈ ಭಯ ಆಧಾರವಿಲ್ಲದ್ದು ಎಂದು ತಳ್ಳಿಹಾಕಲು ನನಗೆ ಆಗುವುದಿಲ್ಲ. ‘ಅನ್‌ಫಿಟ್’ ಎಂದು ಬರೆದರೆ ಕಾಯಂ ಕಾರ್ಮಿಕನನ್ನು ಒಳಗಿನ ಕೆಲಸದಿಂದ ಮೇಲಿನ ಕೆಲಸಕ್ಕೆ ಹಾಕುತ್ತಾರೆ; ನೆಲದಡಿಯ ಕೆಲಸಕ್ಕೆಂದು ಬರುತ್ತಿದ್ದ ಭತ್ಯೆ, ಉತ್ಪಾದನೆಯ ಮೇಲಿನ ಪ್ರೋತ್ಸಾಹಧನ ನಿಲ್ಲುತ್ತವೆ, ಮಕ್ಕಳ ಫೀಸು, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಗುತ್ತಿಗೆ ಕಾರ್ಮಿಕನ ವಿಷಯದಲ್ಲಿ ಅಷ್ಟು ಉಪಚಾರವೂ ಇಲ್ಲ. ನಾಳೆಯಿಂದ ಬರಬೇಡ ಎಂದರೆ ಮುಗಿಯಿತು. ಇನ್ನೊಂದು ತೊಡಕೂ ಇದೆ. ವೈದ್ಯಕೀಯ ಕಾರಣದಿಂದ ಕೆಲಸ ಬಿಟ್ಟವರ ಅವಲಂಬಿತರಿಗೆ ನೌಕರಿ ಕೊಡುವ ಕಲಮು ಕಲ್ಲಿದ್ದಲು ಗಣಿಗಳ ವೇತನ ಒಪ್ಪಂದದಲ್ಲಿದೆ. ಬೇರೆ ಗಣಿಗಳಲ್ಲೂ ಆ ಬೇಡಿಕೆ ಆಗಾಗ ಕೇಳಿಬರುತ್ತದೆ. ಎಕ್ಸ್‌–ರೇಯಲ್ಲಾಗಲಿ ರಕ್ತಪರೀಕ್ಷೆಯಲ್ಲಾಗಲಿ ಕಾಣದ ಕಾಯಿಲೆಯನ್ನು ಹೇಳಿಕೊಂಡು ಬಂದವನನ್ನು ಮಗನಿಗೆ ನೌಕರಿ ಕೊಡಿಸಲು ನಾಟಕವಾಡುತ್ತಿದ್ದಾನೆ ಎಂದು ಅನುಮಾನಿಸುವುದು ಮೇಲಿನವರಿಗೆ ಸುಲಭ. ಹೀಗೆ ನಿಜವಾಗಿ ನರಳುವವನು ಎರಡೂ ಕಡೆಯಿಂದ ಸಿಕ್ಕಿಬೀಳುತ್ತಾನೆ.

ಗಣಿಯವರಿಗೆ ಏನೂ ತಿಳಿಯಬಾರದು ಎಂದು ನಾನು ವಾದಿಸುತ್ತಿಲ್ಲ. ಮಂಪರು ತರುವ ಗುಳಿಗೆ ನುಂಗಿದವನು ಡಂಪರ್ ಓಡಿಸಿದರೆ, ಸ್ಫೋಟಕ ಮುಟ್ಟಿದರೆ ಅವನ ಜೊತೆಗೆ ಹತ್ತು ಜನರ ಜೀವ ಹೋದೀತು. ಆದರೆ ಅದಕ್ಕೆ ಬೇಕಾದದ್ದು ಇಷ್ಟೇ: ‘ಈ ಕಾರ್ಮಿಕನಿಗೆ ಮೂರು ವಾರ ಯಂತ್ರ ನಡೆಸುವ ಕೆಲಸ ಬೇಡ, ರಾತ್ರಿ ಪಾಳಿ ಬೇಡ’ ಎಂಬ ಒಂದು ಸಾಲಿನ ಚೀಟಿ. ಏನು ಕಾಯಿಲೆ, ಏನು ಗುಳಿಗೆ, ಮನೆಯಲ್ಲೇನು ಜಗಳ ಎಂಬುದು ಚಿಕಿತ್ಸೆ ಕೊಟ್ಟವರ ಬಳಿಯೇ ಇರಲಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ–2017ರ 23ನೇ ಕಲಮು ರೋಗಿಯ ಗೋಪ್ಯತೆಯನ್ನು ಹಕ್ಕು ಎಂದೇ ಹೇಳಿದೆ. ಹಳೆಯ ಗಣಿ ಕಾಯ್ದೆಯ 9ಎ ಕಲಮು, ಗಣಿ ಕೆಲಸದಿಂದಲೇ ಅಸಮರ್ಥನಾದವನಿಗೆ ಮಾಲೀಕರು ಬದಲಿ ಕೆಲಸ ಕೊಡಬೇಕು, ಇಲ್ಲವೇ ಅಸಮರ್ಥತೆಯ ಭತ್ಯೆ ಕೊಡಬೇಕು ಎಂದಿತ್ತು. ಈ ಎರಡು ತತ್ವಗಳನ್ನು ಕೂಡಿಸಿ, ಚಿಕಿತ್ಸೆಯ ಅವಧಿಯಲ್ಲಿ ಭತ್ಯೆ ಕಡಿತವಾಗದಂತೆ ನಿಯಮ ಬರೆದರೆ ಕಾರ್ಮಿಕ ಬಾಯಿ ಬಿಡುತ್ತಾನೆ. ಐದು ವರ್ಷಕ್ಕೊಮ್ಮೆ ನಡೆಯುವ ತಪಾಸಣೆಯಲ್ಲೇ ಮನಸ್ಸಿನ ಪ್ರಶ್ನೆಗಳನ್ನೂ ಸೇರಿಸಿಬಿಡೋಣ ಎನ್ನುವವರಿದ್ದಾರೆ. ಈ ರಕ್ಷಣೆ ಇಲ್ಲದೆ ಹಾಗೆ ಮಾಡಿದರೆ ಎಲ್ಲರೂ ‘ನಿದ್ದೆ ಚೆನ್ನಾಗಿದೆ ಸಾರ್’ ಎಂದು ಹೇಳಿ ಸಹಿ ಹಾಕಿ ಹೋಗುತ್ತಾರೆ. ಮುಚ್ಚಿಡುವುದು ಇನ್ನಷ್ಟು ರೂಢಿಯಾಗುತ್ತದೆ.

ಚಿಕಿತ್ಸೆಯ ವ್ಯವಸ್ಥೆಯೇ ಇಲ್ಲವೆಂದೇನೂ ಅಲ್ಲ. ಈಗ ದೇಶದಾದ್ಯಂತ ನಡೆಯುತ್ತಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯ ಬಿದ್ದದ್ದೇ ಗಣಿ ಜಿಲ್ಲೆಯಾದ ಬಳ್ಳಾರಿಯಲ್ಲಿ. 1985ರಿಂದ ನಿಮ್ಹಾನ್ಸ್ ಸಂಸ್ಥೆಯು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ಒಯ್ಯಬಹುದೆಂದು ತೋರಿಸಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಅದರ ಮೇಲೆಯೇ 1996ರಲ್ಲಿ ಕೇಂದ್ರ ಸರ್ಕಾರದ ಯೋಜನೆ ರೂಪುಗೊಂಡಿತು. ಆ ಮಾದರಿ ಊರಿನ ಆಸ್ಪತ್ರೆಯವರೆಗೆ ಬಂತು, ಗಣಿಯ ಗೇಟಿನವರೆಗೆ ಬರಲಿಲ್ಲ. ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಸಿಗುವ ಏರ್ಪಾಡಿದೆ. ಮಂಗಳವಾರ ಹಗಲು ಪಾಳಿಯಲ್ಲಿರುವ ಗುತ್ತಿಗೆ ಕಾರ್ಮಿಕ ಅಲ್ಲಿಗೆ ಹೋಗಬೇಕಾದರೆ ಒಂದು ದಿನದ ಕೂಲಿ ಬಿಡಬೇಕು, ಏಕೆ ಬಂದಿಲ್ಲವೆಂದು ಮೇಸ್ತ್ರಿಗೆ ಹೇಳಬೇಕು. ರಾತ್ರಿ ಪಾಳಿಯಲ್ಲಿದ್ದವನು ನಿದ್ದೆಯಿಲ್ಲದ ಕಣ್ಣಿನಲ್ಲೇ ಸರತಿಯಲ್ಲಿ ನಿಲ್ಲಬೇಕು.

2022ರ ಅಕ್ಟೋಬರ್‌ನಿಂದ ಟೆಲಿ–ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಹೆಸರು ಬಹಿರಂಗವಾಗುವ ಭಯವಿರುವವರಿಗೆ ಇದಕ್ಕಿಂತ ಸುಲಭದ ದಾರಿ ಸದ್ಯಕ್ಕಿಲ್ಲ. ಆದರೂ ಎರಡು ಕೋಣೆಯ ಮನೆಯಲ್ಲಿ ಮಕ್ಕಳು, ವಯಸ್ಸಾದ ತಂದೆತಾಯಿಗಳ ನಡುವೆ ಕುಳಿತು ಯಾರು ತಾನೇ ಇಂಥ ಮಾತನ್ನು ಫೋನಿನಲ್ಲಿ ಆಡಿಯಾರು? ಯೂನಿಯನ್ ಕಚೇರಿಯಲ್ಲೋ ಕ್ಯಾಂಟೀನಿನ ಪಕ್ಕದಲ್ಲೋ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆಯನ್ನು ಇದಕ್ಕೆಂದು ಬಿಟ್ಟುಕೊಡಲು ದೊಡ್ಡ ಖರ್ಚೇನೂ ಇಲ್ಲ. ಐನೂರು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಗಣಿಯಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದು 1955ರ ನಿಯಮಗಳಲ್ಲೇ ಇದೆ. ಅವರ ಕೆಲಸಗಳ ಪಟ್ಟಿಗೆ ಇದನ್ನೂ ಸೇರಿಸಬಹುದು.

ಅಪಘಾತದ ನಂತರದ ದಿನಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಸಾವಾದರೆ ಗಣಿ ಸುರಕ್ಷತಾ ನಿರ್ದೇಶನಾಲಯಕ್ಕೆ ವರದಿ ಹೋಗುತ್ತದೆ, ಅಧಿಕಾರಿಗಳು ಬರುತ್ತಾರೆ, ಜೊತೆಯಲ್ಲಿದ್ದವರ ಹೇಳಿಕೆ ಪಡೆಯುತ್ತಾರೆ. ಹೇಳಿಕೆಯ ಉದ್ದೇಶ ತಪ್ಪು ಯಾರದೆಂದು ತಿಳಿಯುವುದು, ಅದು ಆಗಬೇಕಾದದ್ದೇ. ಆದರೆ ಜೊತೆಗಾರನ ದೇಹವನ್ನು ಹೊತ್ತು ತಂದ ಅದೇ ನಾಲ್ವರು ಕೆಲವೇ ದಿನಗಳಲ್ಲಿ ಅದೇ ಜಾಗಕ್ಕೆ ಡ್ರಿಲ್ ಹಿಡಿದು ಹೋಗಬೇಕಾಗುತ್ತದೆ. ಸಾವಿಗೆ ಸಾಕ್ಷಿಯಾದ ತಂಡವನ್ನು ಮನೋವೈದ್ಯರೋ ಆಪ್ತಸಮಾಲೋಚಕರೋ ಒಮ್ಮೆ ಅಪಘಾತದ ವಾರದಲ್ಲಿ, ಇನ್ನೊಮ್ಮೆ ಎರಡು ಮೂರು ತಿಂಗಳ ನಂತರ ಕಾಣುವುದನ್ನು ಕಡ್ಡಾಯ ಮಾಡಬೇಕು. ಎಲ್ಲರನ್ನೂ ಕಾಣುವುದಾದರೆ ಯಾರೊಬ್ಬರೂ ತಾವಾಗಿ ಕೈ ಎತ್ತಬೇಕಾಗಿಲ್ಲ, ಯಾರ ಹೆಸರಿಗೂ ಕಳಂಕವಿಲ್ಲ. ಆಸ್ಟ್ರೇಲಿಯಾದ ಗಣಿಗಳಲ್ಲಿ ಜೊತೆಗೆ ದುಡಿಯುವವರಿಗೇ ತರಬೇತಿ ಕೊಟ್ಟು, ಮಂಕಾದ ಗೆಳೆಯನನ್ನು ಮಾತಿಗೆಳೆದು ಸಹಾಯದವರೆಗೆ ತಲುಪಿಸುವ ಕ್ರಮ ಬಳಕೆಯಲ್ಲಿದೆ. ನಮ್ಮಲ್ಲೂ ಗಣಿಗಳ ವೃತ್ತಿ ತರಬೇತಿ ನಿಯಮಗಳು 1966ರಿಂದ ಇವೆ, ಪುನರ್ ತರಬೇತಿಯೂ ನಡೆಯುತ್ತದೆ. ಅದರಲ್ಲಿ ಅರ್ಧ ದಿನವನ್ನು ಇದಕ್ಕೆ ಕೊಡಲು ಹೊಸ ಕಟ್ಟಡವೇನೂ ಬೇಡ.

ಗಣಿ ಮುಚ್ಚಿದಾಗಿನ ಕಷ್ಟ ಇನ್ನೊಂದು ಬಗೆಯದು. 2001ರಲ್ಲಿ ಕೋಲಾರದ ಚಿನ್ನದ ಗಣಿಗಳು ನಿಂತಾಗ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಅದಿರು ಗಣಿಗಾರಿಕೆಯನ್ನು ತಡೆದಾಗ, ತಡೆಯ ಕಾರಣ ಎಷ್ಟೇ ನ್ಯಾಯವಾಗಿದ್ದರೂ, ಸಾಲ ಮಾಡಿ ಟಿಪ್ಪರ್ ಕೊಂಡವರ ಮತ್ತು ದಿನಗೂಲಿಯವರ ಮನೆಗಳಲ್ಲಿ ಏನಾಯಿತೆಂದು ಕೇಳಲು ಯಾವ ವೈದ್ಯಕೀಯ ತಂಡವೂ ಮನೆ ಮನೆಗೆ ಹೋದದ್ದು ನನಗೆ ನೆನಪಿಲ್ಲ.

ಹಣದ ಕೊರತೆಯ ಮಾತನ್ನು ಇಲ್ಲಿ ಒಪ್ಪಲಾಗದು. ಗಣಿಗಾರಿಕೆಯಿಂದ ಬಾಧಿತರಾದವರ ಹಿತಕ್ಕೆಂದು 2015ರ ಕಾನೂನು ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನಗಳಿಗೆ ಗಣಿಯನ್ನು ಲೀಸ್‌ಗೆ ಪಡೆದವರು ಹಣ ಕಟ್ಟುತ್ತಾರೆ, ಆ ಹಣದ ಬಳಕೆಯಲ್ಲಿ ಆರೋಗ್ಯ ಆದ್ಯತೆಯ ಕ್ಷೇತ್ರವೆಂದು ಕೇಂದ್ರದ ಮಾರ್ಗಸೂಚಿಯಲ್ಲೇ ಇದೆ. ಅದರಿಂದ ಗಣಿಯಿರುವ ತಾಲ್ಲೂಕುಗಳಿಗೆ ಒಬ್ಬ ಮನೋವೈದ್ಯರು ಮತ್ತು ಇಬ್ಬರು ಆಪ್ತಸಮಾಲೋಚಕರ ಸಂಚಾರಿ ತಂಡವನ್ನು ನೇಮಿಸಿ, ಪಾಳಿ ಬದಲಾಗುವ ಹೊತ್ತಿಗೆ ಗಣಿಯ ಹತ್ತಿರವೇ, ಆದರೆ ಕಂಪನಿಯ ಆವರಣದ ಹೊರಗೆ ಕುಳಿತುಕೊಳ್ಳುವಂತೆ ಮಾಡಬಹುದು. ಕಾಯಂ, ಗುತ್ತಿಗೆ ಎಂಬ ಭೇದವಿಲ್ಲದೆ ಅಲ್ಲಿ ಎಲ್ಲರನ್ನೂ ನೋಡಬೇಕು, ಮನೆಯವರು ಒಬ್ಬರೇ ಬಂದರೂ ಮಾತನಾಡಿಸಬೇಕು, ಗುಳಿಗೆಗಳನ್ನು ಅಲ್ಲಿಯೇ ಕೊಡಬೇಕು. ರಾಯಚೂರು, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಪ್ರತಿಷ್ಠಾನಗಳು ಮುಂದಿನ ಕ್ರಿಯಾ ಯೋಜನೆ ತಯಾರಿಸುವ ಸಭೆಗೆ ಜಿಲ್ಲಾ ಮಾನಸಿಕ ಆರೋಗ್ಯ ತಂಡದ ವೈದ್ಯರನ್ನೂ, ಕಾಯಂ ಮತ್ತು ಗುತ್ತಿಗೆ ಕಾರ್ಮಿಕರ ತಲಾ ಒಬ್ಬ ಪ್ರತಿನಿಧಿಯನ್ನೂ ಕರೆಯಬೇಕೆಂದು ಸಂಬಂಧಪಟ್ಟ ಜಿಲ್ಲಾಧಿಕಾರಿಗಳನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಔಷಧ ವ್ಯಾಪಾರಿ,
ಲಿಂಗಸುಗೂರು ತಾಲ್ಲೂಕು, ರಾಯಚೂರು ಜಿಲ್ಲೆ